ನೈಟ್ರಿಕ್ ಆಕ್ಸೈಡ್ ಸಂಧಿಪ್ರಕರಣ

ಸಂಧಿಯನ್ನು ಏಳನೆಯ ತರಗತಿಯಲ್ಲಿ ಕಲಿತು ಎಂಟನೆಯದರಲ್ಲಿ ಮರೆಯುವ ಈ ನಾಡಿನಲ್ಲಿ ಜೀವಕೋಶವೊಂದೇ ಅದನ್ನು ಎಡೆಬಿಡದೆ ಪಾಲಿಸುತ್ತಿದೆ. ಈ ಸಂಗತಿ ವೈಯಾಕರಣರ ಕಣ್ಣಿಗೆ ಬೀಳದೆ ಹೋದದ್ದು ವಿಷಾದನೀಯ. ನಾವು ಕಣ್ಣುಮುಚ್ಚಿ ಕುಳಿತಿದ್ದಾಗ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರು ನೈಟ್ರಿಕ್ ಆಕ್ಸೈಡಿನ ಕೆಲಸವನ್ನು ಕಂಡುಹಿಡಿದು 1998ರ ನೊಬೆಲ್ ಪ್ರಶಸ್ತಿಯನ್ನೂ ಪಡೆದುಬಿಟ್ಟರು. ಲೋಪ, ಆಗಮ, ಆದೇಶಗಳ ಪ್ರಸ್ತಾಪವೇ ಇಲ್ಲದೆ ಪ್ರಶಸ್ತಿ ಕೊಟ್ಟ ಸಮಿತಿಯ ಲೋಪವನ್ನು ತುಂಬಲು ಈ ಶಾಸ್ತ್ರ ಹೊರಟಿದೆ.

ಸೂತ್ರ 1. ಪ್ರೋಟೀನು ಪ್ರಕೃತಿ, ನೋ ಎಂಬುದು ಪ್ರತ್ಯಯ.

ವೃತ್ತಿ: ಒಂದು ನೈಟ್ರೋಜನ್, ಒಂದು ಆಕ್ಸಿಜನ್; ಅಣುತೂಕ 30. ಲಾಘವಕ್ಕಾಗಿ ‘ನೋ’ ಎಂದಿದ್ದೇವೆ. ಅರ್ಜಿನೈನ್ ಎಂಬ ಅಮೈನೊ ಆಮ್ಲದಿಂದ ಇದನ್ನು ತೆಗೆಯುವ ಕಿಣ್ವಗಳು ಮೂರು: ನರದ್ದೊಂದು, ರಕ್ತನಾಳದ ಒಳಪದರದ್ದೊಂದು, ಸೋಂಕು ತಗುಲಿದಾಗ ಮೈಕೊಡವಿ ಏಳುವುದು ಇನ್ನೊಂದು. ಹುಟ್ಟಿದ ಪ್ರತ್ಯಯ ಅಂಗಾಂಶದಲ್ಲಿ ಬದುಕುವುದು ಕೆಲವೇ ಸೆಕೆಂಡು. ಅಷ್ಟರಲ್ಲೇ ಪ್ರಕೃತಿಯನ್ನು ಹುಡುಕಿಕೊಳ್ಳಬೇಕು.

ಸೂತ್ರ 2. ಹೀಮಿನ ಕಬ್ಬಿಣದಲ್ಲಿ ಆಗಮ, ಬೆನ್ನಲ್ಲೇ ಲೋಪ.

ವೃತ್ತಿ: ಗ್ವಾನೈಲೇಟ್ ಸೈಕ್ಲೇಸ್ ಎಂಬ ಕಿಣ್ವದಲ್ಲಿ ಹೀಮಿನ ಕಬ್ಬಿಣಕ್ಕೆ ನೋ ಬಂದು ಸೇರುತ್ತದೆ. ಯಾರನ್ನೂ ಎಬ್ಬಿಸಿ ಕೂತದ್ದಲ್ಲವಾದ್ದರಿಂದ ಆಗಮ. ಆದರೆ ಕಬ್ಬಿಣದ ಆಚೆ ಮಗ್ಗುಲಲ್ಲಿದ್ದ ಹಿಸ್ಟಿಡಿನ್‌ನ ಬಂಧ ಕಳಚಿಬೀಳುತ್ತದೆ, ಇದು ಲೋಪ. ಪರೀಕ್ಷೆಯಲ್ಲಿ ಹೀಗೆ ಎರಡು ಉತ್ತರ ಬರೆದವನಿಗೆ ಸೊನ್ನೆ ಬೀಳುತ್ತದೆ. ಕಿಣ್ವಕ್ಕೋ ಇದರಿಂದಲೇ ಚೈತನ್ಯ. ಅದು ಸೈಕ್ಲಿಕ್ ಜಿಎಂಪಿಯನ್ನು ತಯಾರಿಸುತ್ತದೆ, ರಕ್ತನಾಳದ ಸ್ನಾಯು ಸಡಿಲಗೊಳ್ಳುತ್ತದೆ. ಎದೆನೋವಿಗೆ ನೈಟ್ರೋಗ್ಲಿಸರಿನ್ ಗುಳಿಗೆಯನ್ನು ನಾಲಿಗೆಯಡಿ ಇಟ್ಟುಕೊಳ್ಳುವವರು ಅರಿಯದೆಯೇ ಈ ಸೂತ್ರವನ್ನು ಪಠಿಸುತ್ತಿದ್ದಾರೆ. ಅದೇ ವಸ್ತುವಿನಿಂದ ಡೈನಮೈಟು ಮಾಡಿ ಸಿರಿವಂತನಾದ ಆಲ್‌ಫ್ರೆಡ್ ನೊಬೆಲ್‌ಗೆ ಕೊನೆಗಾಲದಲ್ಲಿ ವೈದ್ಯರು ಬರೆದುಕೊಟ್ಟದ್ದೂ ಅದನ್ನೇ.

ಸೂತ್ರ 3. ಸಿಸ್ಟೀನಿನ ಗಂಧಕದ ಮೇಲೆ ಹಕಾರಕ್ಕೆ ನೋಕಾರವು ಆದೇಶ.

ವೃತ್ತಿ: ಹಕಾರವೆಂದರೆ ಹೈಡ್ರೋಜನ್. ಹಳಗನ್ನಡದ ‘ಪಾಲ್’ ಪಕಾರ ಕಳೆದುಕೊಂಡು ಹಾಲಾಗಲು ಶತಮಾನಗಳು ಹಿಡಿದವು. ಇಲ್ಲಿ ಅಷ್ಟು ವ್ಯವಧಾನವಿಲ್ಲ. ಎಸ್-ನೈಟ್ರೊಸೈಲೇಷನ್ ಎಂಬ ಹೆಸರಿನಲ್ಲಿ ಸ್ಟ್ಯಾಮ್ಲರ್ ಮತ್ತು ಸಂಗಡಿಗರು 1992ರಲ್ಲಿ ಇದನ್ನು ಪ್ರಚುರಪಡಿಸಿದರು. ಆದೇಶವೇನೂ ನೇರವಾಗಿ ನಡೆಯದು. ಒಂದು ಎಲೆಕ್ಟ್ರಾನು ಮೊದಲು ಕಳಚಬೇಕು. ಅದಕ್ಕೆ ಆಕ್ಸಿಜನ್ನೋ ಲೋಹದ ಅಯಾನೋ ನಡುವೆ ಬರಬೇಕು.

ಯಾವ ಸಿಸ್ಟೀನಿಗೆ ಆದೇಶ? ಪೂರ್ವಪಕ್ಷಿ ಹೇಳುತ್ತಾನೆ: ಒಂದು ಬದಿಗೆ ಆಮ್ಲೀಯ, ಇನ್ನೊಂದು ಬದಿಗೆ ಪ್ರತ್ಯಾಮ್ಲೀಯ ಅಮೈನೊ ಆಮ್ಲ ಇರುವುದಕ್ಕೆ. ಸಿದ್ಧಾಂತಿ ನಗುತ್ತಾನೆ, ಅಪವಾದಗಳ ಪಟ್ಟಿ ಅವನ ಕೈಯಲ್ಲಿದೆ.

ಅರ್ಥವಿಚಾರಕ್ಕೆ ಬಂದರೆ ತಲೆ ತಿರುಗುತ್ತದೆ. ಕೋಶವನ್ನು ಕೊಲ್ಲಲೆಂದೇ ಇರುವ ಕ್ಯಾಸ್ಪೇಸ್-3ರ ಮರ್ಮಸ್ಥಾನದ ಸಿಸ್ಟೀನಿನಲ್ಲಿ ನೋ ಕೂತಿರುವಷ್ಟು ಹೊತ್ತು ಅದು ಕೊಲ್ಲದು: ನಿಷೇಧಾರ್ಥಕ ರೂಪ. ಸಾವಿನ ಸೂಚನೆ ಬಂದೊಡನೆ ಪ್ರತ್ಯಯ ಕಳಚುತ್ತದೆ, ಕ್ರಿಯಾಪದ ಕೆಲಸಕ್ಕಿಳಿಯುತ್ತದೆ. ಸಕ್ಕರೆ ಅರಗಿಸಿಕೊಂಡು ತನ್ನಪಾಡಿಗಿದ್ದ ಜಿಎಪಿಡಿಎಚ್ ಕಿಣ್ವಕ್ಕೆ ಅದೇ ನೋ ಹತ್ತಿದರೆ, ಅದು ಸಿಯಾ ಎಂಬ ಪ್ರೋಟೀನಿನ ಜೊತೆಗೂಡಿ ಕೋಶಕೇಂದ್ರಕ್ಕೆ ನುಗ್ಗಿ ಸಾವಿಗೆ ದಾರಿ ಮಾಡುತ್ತದೆ: ವಿಧ್ಯರ್ಥಕ ರೂಪ. ಇನ್ನು ಹಿಮೋಗ್ಲೋಬಿನ್ನಿನ ಬೀಟಾ ಸರಪಣಿಯ 93ನೆಯ ಸಿಸ್ಟೀನು. ನೋವನ್ನು ಹೊತ್ತು ಅಂಗಾಂಶಗಳಿಗೆ ಮುಟ್ಟಿಸುವುದು ಅದೇ ಎಂದು 1996ರಲ್ಲಿ ಒಂದು ಪಕ್ಷ ಹೇಳಿತು. ಆ ಸಿಸ್ಟೀನನ್ನೇ ತೆಗೆದ ಇಲಿಗಳು ಚೆನ್ನಾಗಿಯೇ ಇವೆಯಲ್ಲ ಎಂದು ಇನ್ನೊಂದು ಪಕ್ಷ ಎದ್ದು ನಿಂತಿತು. ಮುಟ್ಟಿಸೀತು, ಮುಟ್ಟಿಸದಿದ್ದೀತು: ಸಂಭಾವನಾರ್ಥಕ ರೂಪ. (‘ನೋವನ್ನು’ ಎಂಬಲ್ಲಿ ವಕಾರಾಗಮವಾಗಿದೆ, ವ್ಯಥೆಯೆಂದು ಅರ್ಥೈಸತಕ್ಕದ್ದಲ್ಲ.)

ಹಚ್ಚಿದ ಪ್ರತ್ಯಯವನ್ನು ಬಿಡಿಸಲು ಥಯೊರೆಡಾಕ್ಸಿನ್ ಮೊದಲಾದ ಪ್ರೋಟೀನುಗಳಿವೆ. ಕನ್ನಡದಲ್ಲಿ ಇಂಥವರ ನೇಮಕಾತಿ ಇನ್ನೂ ಆಗಿಲ್ಲ.

ಸೂತ್ರ 4. ಟೈರೋಸಿನ್ನಿನಲ್ಲಿ ಅಪಪ್ರಯೋಗ.

ವೃತ್ತಿ: ನೋ ದಾರಿಯಲ್ಲಿ ಸೂಪರ್ ಆಕ್ಸೈಡಿನ ಸಹವಾಸಕ್ಕೆ ಬಿದ್ದರೆ ಪೆರಾಕ್ಸಿನೈಟ್ರೈಟ್ ಆಗುತ್ತದೆ. ಅದರ ಕೈವಾಡದಿಂದ ಟೈರೋಸಿನ್ನಿನ ಉಂಗುರದ 3ನೆಯ ಸ್ಥಾನದಲ್ಲಿ ನೈಟ್ರೊ ಗುಂಪು ಕೂರುತ್ತದೆ. ಒಮ್ಮೆ ಕೂತರೆ ಸುಲಭಕ್ಕೆ ಏಳದು. ಉರಿಯೂತದ ಜಾಗಗಳಲ್ಲಿ ಈ ಅಚ್ಚಿನ ದೋಷ ಹೇರಳ.

ಪರಿಶಿಷ್ಟ. ಪ್ರತ್ಯಯ ಹತ್ತಿದೆಯೆಂದು ತಿಳಿಯುವುದು ಹೇಗೆ? ಜಾಫ್ರಿ ಮತ್ತು ಸ್ನೈಡರ್ 2001ರಲ್ಲಿ ಬಯೋಟಿನ್ ಸ್ವಿಚ್ ಎಂಬ ಉಪಾಯ ಕೊಟ್ಟರು. ಖಾಲಿಯಿರುವ ಗಂಧಕಗಳ ಬಾಯಿಯನ್ನೆಲ್ಲ ಮೊದಲು ಕಟ್ಟಬೇಕು. ಆಮೇಲೆ ವಿಟಮಿನ್ ಸಿ ಹಾಕಿ ನೋವನ್ನು ಕಿತ್ತು, ತೆರವಾದ ಜಾಗಕ್ಕೆ ಬಯೋಟಿನ್ ಅಂಟಿಸಬೇಕು. ಇದ್ದದ್ದನ್ನು ಅಳಿಸಿ, ಅಳಿಸಿದ ಗುರುತನ್ನು ತೋರಿಸಿ, ಇಲ್ಲಿ ಅದೇ ಇತ್ತೆಂದು ಸಾಧಿಸುವ ಈ ಕ್ರಮ ನಮ್ಮ ಕೆಲವು ಗ್ರಂಥಸಂಪಾದಕರಿಗೆ ಹೊಸದೇನಲ್ಲ. ಆದರೆ ಪ್ರಯೋಗಾಲಯದ ಕಿಟಕಿಯಿಂದ ಬಿಸಿಲಿನ ಬೆಳಕು ಬಂದರೆ ಪ್ರತ್ಯಯವಿಲ್ಲದ ಕಡೆಯೂ ಗುರುತು ಮೂಡಬಹುದು. ಆದಕಾರಣ ಪ್ರಯೋಗವನ್ನು ಕತ್ತಲೆಯಲ್ಲಿ ಮಾಡತಕ್ಕದ್ದು. ವ್ಯಾಕರಣದ ತರಗತಿಯನ್ನೂ ದೀಪವಾರಿಸಿ ನಡೆಸಬಾರದೇಕೆ ಎಂದು ಹಿಂದಿನ ಬೆಂಚಿನ ಶಿಷ್ಯರು ಲಿಖಿತವಾಗಿ ಕೇಳಿದ್ದಾರೆ. ಅವರ ಅರ್ಜಿಯಲ್ಲಿ ಸಂಧಿದೋಷಗಳಿರುವುದರಿಂದ ತಿದ್ದಿ ಹಿಂದಿರುಗಿಸಲಾಗಿದೆ.