ಅಂಗಳ ಬಿಟ್ಟು ಆಕಾಶ ನೋಡುವ ಸಾಹೇಬರು

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಜಾಲಾಡಿದರೂ ಒಂದು ಗಾಲ್ಫ್ ಮೈದಾನ ಸಿಗುವುದಿಲ್ಲ. ಗಾಲ್ಫ್ ಆಡುವವರು ಮಾತ್ರ ಸಿಗುತ್ತಾರೆ, ದೀಪಾವಳಿಗೆ ಹೋಗಿ ನೋಡಬೇಕು ಅಷ್ಟೆ. ಆನವಟ್ಟಿಯದೋ ಶಿರಾಳಕೊಪ್ಪದ್ದೋ ಆಚೀಚಿನ ಹಳ್ಳಿಯಲ್ಲಿ ಹುಟ್ಟಿ, ಇಂಜಿನಿಯರಿಂಗ್ ಓದಿ, ಬೆಂಗಳೂರಿನ ಕಂಪನಿಯಲ್ಲಿ ದೊಡ್ಡ ಕುರ್ಚಿ ಹಿಡಿದು, ನಲವತ್ತೈದು ದಾಟಿದ ಮೇಲೆ ಡಾಕ್ಟರು ‘ಸ್ವಲ್ಪ ನಡೀರಿ’ ಅಂದದ್ದೇ ನೆಪವಾಗಿ ಗಾಲ್ಫಿಗೆ ಬಿದ್ದವರು ಇವರು. ಊರಿಗೆ ಇವರು ‘ಇಂಜಿನಿಯರ್ ಸಾಹೇಬ್ರು’. ಕಾರಿನ ಡಿಕ್ಕಿಯಿಂದ ಅಮ್ಮನ ಸೀರೆಗಿಂತ ಮೊದಲು ಇಳಿಯುವುದು ಗಾಲ್ಫ್ ಬ್ಯಾಗು. ನಿಯಮದ ಪ್ರಕಾರ ಅದರಲ್ಲಿ 14 ಕೋಲು ಇಟ್ಟುಕೊಳ್ಳಬಹುದು. ಸಾಹೇಬರು ಹದಿನಾಲ್ಕನ್ನೂ ಇಟ್ಟುಕೊಂಡಿದ್ದಾರೆ. ಅವುಗಳಲ್ಲಿ ದೂರ ಹೊಡೆಯುವ ಡ್ರೈವರ್ ಒಂದಕ್ಕೇ, ಇತ್ತೀಚಿನ ಧಾರಣೆಯಲ್ಲಿ ಒಂದು ಕ್ವಿಂಟಲ್ ರಾಶಿ ಅಡಿಕೆ ಮಾರಿದಷ್ಟು ದುಡ್ಡು ಕೊಟ್ಟಿರುತ್ತಾರೆ. ಉಳಿದ ಹದಿಮೂರರಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೈಗೆ ಬರುವುದು ಚೆಂಡನ್ನು ಗುಂಡಿಗೆ ಉರುಳಿಸುವ, ಅಂದರೆ ‘ಪಟ್’ ಮಾಡುವ ಪಟ್ಟರ್. ಆದರೂ ಅದಕ್ಕೆ ತೊಡಿಸಿದ ಟೋಪಿ ಇನ್ನೂ ಅಂಗಡಿಯಿಂದ ತಂದಷ್ಟೇ ಹೊಸದು.

ಸಾಹೇಬರ ಆಟ ಕೆಡುವುದು ದೂರದಲ್ಲಲ್ಲ, ಹತ್ತಿರದಲ್ಲಿ. ಇದು ಚಾಡಿಮಾತಲ್ಲ, ಲೆಕ್ಕ. 72 ಹೊಡೆತಗಳ ಮೈದಾನದಲ್ಲಿ ‘ಪಾರ್’ ಎಂದು, ಅಂದರೆ ಇಷ್ಟರಲ್ಲಿ ಮುಗಿಸಬೇಕೆಂದು ಗೊತ್ತುಮಾಡುವಾಗಲೇ ಪ್ರತಿ ಗುಂಡಿಗೆ ಎರಡರಂತೆ 36 ಹೊಡೆತಗಳನ್ನು ಗುಂಡಿಯ ಸುತ್ತಲ ನುಣುಪು ಹುಲ್ಲಿನ, ಅಂದರೆ ಗ್ರೀನ್ ಮೇಲಿನ ಪಟ್‌ಗಳಿಗೆಂದೇ ಎತ್ತಿಟ್ಟಿರುತ್ತಾರೆ. ಅಂದರೆ ಅರ್ಧ ಆಟ. ಡ್ರೈವರ್‌ಗೆ ಸಿಗುವುದು ಹೆಚ್ಚೆಂದರೆ ಹದಿನಾಲ್ಕು ಸಲ. ಆದರೂ ಅಭ್ಯಾಸಕ್ಕೆಂದು ಹೋದ ದಿನ ಸಾಹೇಬರು ಒಂದು ಬುಟ್ಟಿ ಚೆಂಡನ್ನು ಪೂರಾ ಆಕಾಶಕ್ಕೆ ಹಾರಿಸಿ, ಬೆವರು ಒರೆಸಿಕೊಂಡು, ಪಟ್ಟಿಂಗ್ ಗ್ರೀನ್ ಪಕ್ಕದಲ್ಲೇ ಹಾದು ಕ್ಯಾಂಟೀನಿಗೆ ನಡೆಯುತ್ತಾರೆ. ಕಾರಣ ಊಹಿಸುವುದು ಕಷ್ಟವಲ್ಲ. ಇನ್ನೂರು ಗಜ ಹಾರಿದ ಚೆಂಡನ್ನು ನೋಡಲು ನಾಲ್ಕು ಜನ ನಿಂತಿರುತ್ತಾರೆ, ‘ಶಾಟ್ ಸಾರ್!’ ಅನ್ನುತ್ತಾರೆ. ಕೊಯ್ಲು ಮುಗಿದ ಗದ್ದೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ, ಸಿಕ್ಸರ್ ಹೊಡೆದವನೇ ಗಂಡಸು ಎಂದು ನಂಬಿ ಬೆಳೆದ ಜೀವ ಅದು. ಮೂರು ಅಡಿಯ ಪಟ್ ಗುಂಡಿಗೆ ಬಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಬೀಳದಿದ್ದರೆ ಎಲ್ಲರೂ ಕೆಮ್ಮುತ್ತಾರೆ. ಹೊಗಳಿಕೆಯಿಲ್ಲದ, ಬರೀ ಅವಮಾನವಿರುವ ಕೆಲಸವನ್ನು ದುಡ್ಡು ಕೊಟ್ಟು ಯಾರು ಕಲಿಯುತ್ತಾರೆ?

ಸಾಹೇಬರು ಪಟ್ ಮಾಡುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮೊದಲು ಗ್ಲೌಸ್ ಕಳಚಿ ಹಿಂಬದಿ ಜೇಬಿಗೆ. ಆಮೇಲೆ ಚೆಂಡಿನ ಹಿಂದೆ ಕುಕ್ಕರುಗಾಲು. ಗಾರೆ ಮೇಸ್ತ್ರಿ ತೂಗುಗುಂಡು ಬಿಟ್ಟಂತೆ ಪಟ್ಟರನ್ನು ಎರಡು ಬೆರಳಲ್ಲಿ ತೂಗಿಸಿ, ಒಂದು ಕಣ್ಣು ಮುಚ್ಚಿ, ಇಳಿಜಾರಿನ ಅಂದಾಜು. ಗುಂಡಿಯ ಆ ಕಡೆಗೂ ಹೋಗಿ ಇನ್ನೊಮ್ಮೆ ಕುಕ್ಕರುಗಾಲು. ಚೆಂಡಿನ ಮೇಲಿನ ಗೆರೆಯನ್ನು ಗುಂಡಿಯತ್ತ ತಿರುಗಿಸಿಡುವುದು. ಎರಡು ಸಲ ಗಾಳಿಯಲ್ಲಿ ಬೀಸುವುದು. ಇಷ್ಟೆಲ್ಲ ಆಗಿ ಹೊಡೆದರೆ ಚೆಂಡು ಎರಡಡಿ ಹಿಂದೆಯೇ ನಿಲ್ಲುತ್ತದೆ. ಸಾಹೇಬರು ಮೊದಲು ಪಟ್ಟರಿನ ಮುಖ ನೋಡುತ್ತಾರೆ, ಆಮೇಲೆ ನೆಲ ನೋಡುತ್ತಾರೆ, ಕೊನೆಗೆ ‘ಗ್ರೀನ್ ಇವತ್ತು ಸ್ಲೋ’ ಎಂದು ತೀರ್ಪು ಕೊಡುತ್ತಾರೆ. ಹಿಂದೆ ನಾಸಾದಲ್ಲಿ ಭೌತವಿಜ್ಞಾನಿಯಾಗಿದ್ದ ಡೇವ್ ಪೆಲ್ಜ್ ಈ ವಿಷಯವನ್ನೇ ಹಿಡಿದು ಕೂತು, ತಪ್ಪಿದರೆ ಗುಂಡಿ ದಾಟಿ 17 ಇಂಚು ಹೋಗಿ ನಿಲ್ಲುವಷ್ಟು ವೇಗವೇ ಒಳ್ಳೆಯದೆಂದು ಹೇಳಿದ. ಗುಂಡಿಯ ಬಾಯಿ ನಾಲ್ಕೂಕಾಲು ಇಂಚು, ಚೆಂಡಿನ ಅಡ್ಡಗಲ 1.68 ಇಂಚು, ಜಾಗಕ್ಕೇನೂ ಬರವಿಲ್ಲ. ಗುಂಡಿಯವರೆಗೆ ಹೋಗದ ಚೆಂಡಿಗೆ ಅದು ಬಾವಿಯಷ್ಟಗಲವಿದ್ದರೂ ಅಷ್ಟೆ.

ಇಲ್ಲಿ ಓದಿಕೊಂಡ ಸಾಹೇಬರು ಒಂದು ತಕರಾರು ತೆಗೆಯುತ್ತಾರೆ, ಅದು ಹಗುರವಾದದ್ದಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಬ್ರಾಡಿ 2014ರ ತಮ್ಮ ‘ಎವೆರಿ ಶಾಟ್ ಕೌಂಟ್ಸ್’ ಪುಸ್ತಕದಲ್ಲಿ ರಾಶಿಗಟ್ಟಲೆ ಹೊಡೆತಗಳ ಲೆಕ್ಕ ಹಾಕಿ, ಒಳ್ಳೆಯ ಆಟಗಾರನಿಗೂ ಸಾಧಾರಣ ಆಟಗಾರನಿಗೂ ಇರುವ ಅಂತರದಲ್ಲಿ ಮೂರನೇ ಎರಡು ಪಾಲು ನೂರು ಗಜದ ಆಚೆಗಿನ ಹೊಡೆತಗಳಿಂದಲೇ ಬರುತ್ತದೆ ಎಂದು ತೋರಿಸಿದ್ದಾರೆ. ಹಾಗಾದರೆ ಡ್ರೈವರ್‌ಗೆ ಸುರಿದ ದುಡ್ಡು ಸಾರ್ಥಕವೇ? ಬ್ರಾಡಿಯವರ ಲೆಕ್ಕ ಸರಿ, ಸಾಹೇಬರು ಅದನ್ನು ಓದಿಕೊಂಡ ಬಗೆ ತಪ್ಪು. ಆ ಮೂರನೇ ಎರಡು ಪಾಲು ಗಳಿಸಲು ಇಪ್ಪತ್ತೈದರ ಸೊಂಟ, ಬಗ್ಗುವ ಬೆನ್ನು, ವಾರಕ್ಕೆ ನಾಲ್ಕು ದಿನ ಬಿಡುವು ಬೇಕು. ಐವತ್ತೆರಡರ ಸಾಹೇಬರ ಬಳಿ ಈ ಮೂರೂ ಇಲ್ಲ. ಇರುವುದು ಬೆನ್ನಿಗೆ ಕಟ್ಟುವ ಬೆಲ್ಟು. ಉಳಿದ ಮೂರನೇ ಒಂದು ಪಾಲಿಗೆ ಸೊಂಟ ಬೇಡ, ತಾಳ್ಮೆ ಸಾಕು. ಎಂಟಡಿ ದೂರದಿಂದ ಅಮೆರಿಕದ ವೃತ್ತಿಪರರೇ ಹೆಚ್ಚುಕಡಿಮೆ ಎರಡಕ್ಕೆ ಒಂದರಂತೆ ತಪ್ಪುತ್ತಾರೆ. ಆದ್ದರಿಂದ ಎಂಟಡಿಗೆ ಯಾರೂ ಮರುಗಬೇಕಿಲ್ಲ. ಅದೇ ವೃತ್ತಿಪರರು ಮೂರಡಿಯಿಂದ ತಪ್ಪುವುದು ತೀರ ಅಪರೂಪ. ಸಾಹೇಬರು ಹೊಡೆತ ಉಳಿಸಬಹುದಾದ ಜಾಗ ಆ ಮೂರಡಿ.

ನಮ್ಮವರದೇ ಸಾಕ್ಷಿ ಬೇಕೆಂದರೆ ಬೆಂಗಳೂರಿನ ಅದಿತಿ ಅಶೋಕ್ ಇದ್ದಾರೆ. ಐದು ವರ್ಷದ ಹುಡುಗಿಯಾಗಿ ಆಕೆ ಆಟ ಶುರುಮಾಡಿದ್ದು ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಪಟ್ಟಿಂಗ್ ಗ್ರೀನ್ ಮೇಲೆ. 2021ರ ಆಗಸ್ಟಿನಲ್ಲಿ, ಟೋಕಿಯೋ ಒಲಿಂಪಿಕ್ಸಿನ ಹೊತ್ತಿಗೆ, ಅದೇ ವರ್ಷ ಬಂದ ಕೋವಿಡ್ ಆಕೆಯ ಬಲ ಕುಗ್ಗಿಸಿತ್ತು. ಚಿನ್ನ ಗೆದ್ದ ನೆಲ್ಲಿ ಕೊರ್ಡಾಳ ಮೊದಲ ಹೊಡೆತಕ್ಕಿಂತ ಈಕೆಯದು ಎಷ್ಟೋ ಗಜ ಹಿಂದೆ ಬೀಳುತ್ತಿತ್ತು. ಆದರೂ ಅಮ್ಮನಿಗೆ ಬ್ಯಾಗು ಹೊರಿಸಿ, ಪಟ್ಟರ್ ನಂಬಿ, ಪಾರ್‌ಗಿಂತ 15 ಹೊಡೆತ ಕಡಿಮೆಯಲ್ಲಿ ಮುಗಿಸಿ ನಾಲ್ಕನೆಯವರಾದರು. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ಸಾಹೇಬರೂ ಅದನ್ನು ಬೆಳಗಿನ ಜಾವ ಎದ್ದು ಟಿವಿಯಲ್ಲಿ ನೋಡಿದರು, ಕಣ್ಣೀರನ್ನೂ ಹಾಕಿದರು, ಮರುವಾರ ಹೋಗಿ ಇನ್ನೊಂದು ಡ್ರೈವರ್ ಕೊಂಡರು.

‘ಪಟ್ಟಿಂಗ್ ಅನ್ನೋದು ಹುಟ್ಟಿನಿಂದ ಬರಬೇಕು ಕಣ್ರೀ’ ಎಂಬುದು ಎರಡನೆಯ ತಕರಾರು. ಇದಕ್ಕೆ ಉತ್ತರ ಸಾಹೇಬರ ಹಳೆಯ ಅಂಗಳದಲ್ಲೇ ಇದೆ. ಅಲ್ಲಿ ಹಿಮ್ಮಡಿಯಿಂದ ತಿರುವಿ ಗುಂಡಿ ಮಾಡಿ, ಬೆರಳ ತುದಿಯಿಂದ ಗೋಲಿ ಉರುಳಿಸಿ, ಇಳಿಜಾರು, ಕಲ್ಲು, ತೇವ ಎಲ್ಲವನ್ನೂ ಲೆಕ್ಕಕ್ಕೆ ತಗೊಂಡು ಒಳಗೆ ಬೀಳಿಸುತ್ತಿದ್ದ ಹುಡುಗನಿಗೆ ಯಾವ ಕೋಚೂ ಇರಲಿಲ್ಲ. ಕೈಗೆ ಗೊತ್ತಿದ್ದುದನ್ನು ತಲೆ ಮರೆಸಿದೆ, ಅಷ್ಟೆ. ಅಂಗಳದ ನೆಲ ಗ್ರೀನ್ ಅಲ್ಲ ಎಂದಾದರೂ ಸಾಹೇಬರು ಗೊಣಗುವುದು ಖಂಡಿತ. ಆದರೆ ನೀರಿಲ್ಲದ ಸೀಮೆಗಳಲ್ಲಿ ಹುಲ್ಲಿನ ಬದಲು ಮರಳಿಗೆ ಎಣ್ಣೆ ಬೆರೆಸಿ ಹಾಸಿದ ‘ಬ್ರೌನ್’ಗಳ ಮೇಲೆ ದೊಡ್ಡ ದೊಡ್ಡವರೇ ಆಡಿದ್ದಾರೆ. ಸಗಣಿ ಸಾರಿಸಿದ ನೆಲದಲ್ಲಿ ಚೆಂಡಿನ ವೇಗ ಬೇರೆಯಿರಬಹುದು. ಕೋಲಿನ ಮುಖ ನೆಟ್ಟಗೆ ತಾಗುವುದು, ಚೆಂಡು ಹಿಡಿದ ಗೆರೆಯಲ್ಲೇ ಹೊರಡುವುದು ಎರಡೂ ಕಡೆ ಒಂದೇ. ಗ್ರೀನ್ ಅಂಚಿನಿಂದ ಆಡುವ ಚಿಪ್‌ಗೂ ಅಂಗಳ ಸಾಕು. ಅಡಿಕೆ ತುಂಬುವ ಗೋಣಿಚೀಲ ಒಂದನ್ನು ಮಡಿಸಿ ಹತ್ತಡಿ ಆಚೆ ಹಾಸಿ, ಚೆಂಡು ಅದರ ಮೇಲೆ ಬಿದ್ದು ಮುಂದೆ ಉರುಳುವಂತೆ ಎಂಟನೇ ನಂಬರಿನ ಐರನ್ನಿನಲ್ಲಿ ಸಣ್ಣಗೆ ತಟ್ಟಿದರೆ ಆಯಿತು. ಸಾಹೇಬರು ಹಾಗೆ ಮಾಡುವುದಿಲ್ಲ. ಅಮೆರಿಕದ ಆಟಗಾರ ಫಿಲ್ ಮಿಕೆಲ್ಸನ್ ಮಾಡಿದ್ದನ್ನು ನೋಡಿ, 60 ಡಿಗ್ರಿಯ ವೆಜ್ ಕೋಲಿನ ಮುಖ ಅಗಲಿಸಿ ಹಿಡಿದು, ಚೆಂಡನ್ನು ನೆಟ್ಟಗೆ ಮೇಲಕ್ಕೆತ್ತಲು ಹೋಗಿ, ಸುಲಿಯಲೆಂದು ಸುರಿದ ಅಡಿಕೆಯ ರಾಶಿಗೆ ಕಳಿಸುತ್ತಾರೆ. ಸಿಪ್ಪೆ ಸುಲಿಯದ ಅಡಿಕೆಗಳ ನಡುವೆ ಚೆಂಡು ಹುಡುಕುವುದು ಮನೆಮಂದಿಗೆಲ್ಲ ಅರ್ಧ ಗಂಟೆಯ ಕೆಲಸ. ಜಗಲಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತ ಅಮ್ಮ ಕೇಳುತ್ತಾರೆ: ‘ತಮ್ಮಾ, ಗುಂಡಿ ಅಷ್ಟು ಹತ್ರ ಐತಲ, ಕೈಯಾಗೆ ಎತ್ತಿ ಹಾಕಬಾರದನಾ?’

ಕ್ಲಬ್ಬಿನಲ್ಲಿ ನಡೆಯುವುದೂ ಅದೇ ಎಂದು ಆ ತಾಯಿಗೆ ಗೊತ್ತಿಲ್ಲ. ಅದರ ಹೆಸರು ‘ಗಿಮ್ಮಿ’. ಚೆಂಡು ಗುಂಡಿಯ ಮೂರಡಿಯೊಳಗೆ ಬಂತೋ, ಜೊತೆಗಾರರು ‘ಎತ್ಕೊಳ್ಳಿ ಸಾರ್’ ಅನ್ನುತ್ತಾರೆ, ಸಾಹೇಬರು ಎತ್ತಿಕೊಳ್ಳುತ್ತಾರೆ, ಮುಂದಿನ ಗುಂಡಿಯಲ್ಲಿ ಆ ಉಪಕಾರ ತೀರಿಸುತ್ತಾರೆ. ಇಬ್ಬರ ನಡುವಿನ ಪಂದ್ಯದಲ್ಲಿ ಎದುರಾಳಿಗೆ ಪಟ್ ಬಿಟ್ಟುಕೊಡಲು ನಿಯಮವೇ ಒಪ್ಪುತ್ತದೆ. ಒಟ್ಟು ಹೊಡೆತ ಎಣಿಸುವ ಪಂದ್ಯದಲ್ಲಿ ಚೆಂಡು ಗುಂಡಿಯೊಳಗೆ ಬೀಳಲೇಬೇಕು. ಭಾನುವಾರವೆಲ್ಲ ಬಿಟ್ಟಿ ಸಿಕ್ಕ ಮೂರಡಿಯನ್ನು ಆ ಒಂದು ದಿನ ಆಡಬೇಕಾದಾಗ ಸಾಹೇಬರ ಕೈ ನಡುಗದೆ ಇನ್ನೇನಾದೀತು? ಗೆಳೆತನಕ್ಕೆ ಆಡುವ ಆಟದಲ್ಲಿ ಇಷ್ಟು ಕಟ್ಟುನಿಟ್ಟು ಏಕೆ ಎಂದು ಕೇಳಬಹುದು. ಗೆಳೆತನಕ್ಕೇ ಆಡುವವರಾದರೆ ಬೇಡ. ಆದರೆ ಸಾಹೇಬರು ಆಟ ಸುಧಾರಿಸಿ ಹ್ಯಾಂಡಿಕ್ಯಾಪ್ ಇಳಿದಿದೆ ಎಂದು ವಾಟ್ಸಾಪಿನಲ್ಲಿ ಹಾಕಿಕೊಳ್ಳುವವರು.

ಈ ದೀಪಾವಳಿಗೆ ನಿಮ್ಮ ಪಕ್ಕದ ಮನೆಯ ಅಂಗಳದಲ್ಲಿ ಇಂಥವರೊಬ್ಬರು ಕೋಲು ಹಿಡಿದು ಕಂಡರೆ ನಗಬೇಡಿ, ಎಷ್ಟು ದೂರ ಹೊಡೀತೀರಿ ಎಂದೂ ಕೇಳಬೇಡಿ. ಮೂರಡಿ ಆಚೆ ಒಂದು ಲೋಟ ಅಡ್ಡ ಮಲಗಿಸಿ, ಅದರೊಳಗೆ ಚೆಂಡು ಸತತವಾಗಿ ಹತ್ತು ಸಲ ಹೋಗುವವರೆಗೆ ಕಾಫಿ ಕೊಡಬೇಡಿ ಎಂದು ಅವರ ಮನೆಯವರಿಗೆ ಹೇಳಿ.