31,406: ಒಂದು ಓಡೋಮೀಟರಿನ ಹೇಳಿಕೆ

ಬೆಂಗಳೂರಿನ ರಿಂಗ್ ರೋಡಿನ ಪಕ್ಕ ಒಂದು ಸೆಕೆಂಡ್ ಹ್ಯಾಂಡ್ ಕಾರ್ ಯಾರ್ಡು. ಮೂಲೆಯ ಹೊಂಗೆ ಮರದ ಕೆಳಗೆ 1998ರ ಮಾರುತಿ ಝೆನ್ ನಿಂತಿತ್ತು, ಬಾನೆಟ್ಟಿನ ತುಂಬ ಹೊಂಗೆ ಹೂವು. ಗಾಜಿನ ಮೇಲೆ ದಪ್ಪಕ್ಷರದಲ್ಲಿ ‘ಸಿಂಗಲ್ ಓನರ್, 31,000 ಮಾತ್ರ’ ಅಂತ ಬರೆದಿದ್ದರು. ಬ್ರೋಕರು ಇನ್ನೊಬ್ಬ ಗಿರಾಕಿಯನ್ನು ಕರೆದುಕೊಂಡು ಟೀ ಅಂಗಡಿಗೆ ಹೋಗಿದ್ದ. ಕೀ ನನ್ನ ಕೈಯಲ್ಲಿತ್ತು. ಒಳಗೆ ಕೂತು ಬಗ್ಗಿ ನೋಡಿದೆ. ಕರಿ ಪಟ್ಟಿಯ ಮೇಲೆ ಬಿಳಿ ಅಂಕಿಗಳು: 31,406. ‘ಶುದ್ಧ ಸುಳ್ಳು’ ಅಂತ ಗೊಣಗಿಕೊಂಡೆ.

‘ಕೇಳಿಸ್ತು’ ಅಂತ ಅಂಕಿಗಳ ಹಿಂದಿನಿಂದ ದನಿ ಬಂತು.

ನಾನು: ಕ್ಷಮಿಸಿ, ನಿಮ್ಮನ್ನ ಅಂದಿದ್ದಲ್ಲ. ಬ್ರೋಕರನ್ನ ಅಂದೆ.

ಮೀಟರ್: ಇಬ್ಬರೂ ಹೇಳ್ತಿರೋದು ಒಂದೇ ಅಂಕಿ. ಅವನು ಸುಳ್ಳನಾದ್ರೆ ನಾನೂ ಸುಳ್ಳನೇ. ಇರಲಿ ಬಿಡಿ, ಅಭ್ಯಾಸ ಆಗಿಹೋಗಿದೆ. ಈ ತಿಂಗಳು ಹನ್ನೊಂದು ಜನ ಬಂದು ಕೂತರು. ನೋಡಿದರು, ನಕ್ಕರು, ಎದ್ದು ಹೋದರು. ಒಬ್ಬ ಯಜಮಾನರಂತೂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡು, ‘ಮುಂದಿದ್ದ ಒಂದು ಉದುರಿಹೋಗಿದೆ’ ಅಂದರು.

ನಾನು: ಅನುಮಾನ ಪಡೋದು ತಪ್ಪಾ? 27 ವರ್ಷಕ್ಕೆ 31 ಸಾವಿರ ಅಂದ್ರೆ ದಿನಕ್ಕೆ ಮೂರು ಕಿಲೋಮೀಟರ್. ಬೆಂಗಳೂರಲ್ಲಿ ಪಾರ್ಕಿಂಗ್ ಹುಡುಕೋಕೇ ಅಷ್ಟಾಗುತ್ತೆ.

ಮೀಟರ್: ನಮ್ಮ ಯಜಮಾನರಿಗೆ ಬೇಕಾಗಿದ್ದೇ ಅಷ್ಟು. ಎನ್.ಆರ್. ಕಾಲೊನಿಯಲ್ಲಿ ಮನೆ. ಬೆಳಿಗ್ಗೆ ಗಾಂಧಿ ಬಜಾರಿಗೆ ಹೂವು, ತರಕಾರಿ. ಸಂಕಷ್ಟಿಗೆ ದೊಡ್ಡ ಗಣಪತಿ. ನಡುವೆ ವಿದ್ಯಾರ್ಥಿ ಭವನ. ಶುಕ್ರವಾರ ಅದಕ್ಕೂ ರಜ, ನನಗೂ ರಜ. ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆ, ರಸ್ತೆ ತುಂಬ ಕಾಯಿ ರಾಶಿ. ಆಗ ಶೆಡ್ಡು ಬಿಟ್ಟು ಅಲ್ಲಾಡ್ತಾ ಇರಲಿಲ್ಲ. ಒಂದೇ ಒಂದು ಸಲ, 2001ರಲ್ಲಿ, ಧರ್ಮಸ್ಥಳಕ್ಕೆ ಹೋದ್ವಿ. ಹೋಗಿ ಬರೋಕೆ ಹತ್ತಿರ ಹತ್ತಿರ ಆರುನೂರು ಕಿಲೋಮೀಟರ್. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ನನ್ನ ಅಂಕಿಗಳು ಒಂದೇ ಸಮನೆ ಉರುಳ್ತಾ ಇದ್ವು ನೋಡಿ, ಅದೇ ನನ್ನ ಯೌವನ. ಭಾನುವಾರ ಬೆಳಿಗ್ಗೆ ಶುರುವಾಗಿ ಸೋಮವಾರ ರಾತ್ರಿ ಮುಗಿದುಹೋಯ್ತು.

ನಾನು: ಕಥೆ ಚೆನ್ನಾಗಿದೆ. ಪುರಾವೆ?

ಮೀಟರ್: ಕಾಲ ಕೆಳಗೆ ನೋಡಿ.

ಬಗ್ಗಿ ನೋಡಿದೆ. ಬ್ರೇಕ್ ಪೆಡಲಿನ ರಬ್ಬರಿನ ಮೇಲೆ ಗೆರೆಗಳು ಹಾಗೇ ಇದ್ದವು. ಲಕ್ಷ ದಾಟಿದ ಗಾಡಿಯಲ್ಲಿ ಆ ಗೆರೆ ಸವೆದು ಒಂದಂಚು ನುಣ್ಣಗೆ ಹೊಳೆಯುತ್ತದೆ. ಸ್ಟೀರಿಂಗಿನ ಮೇಲೆ ಕೈಜಿಡ್ಡಿನ ಹೊಳಪಿಲ್ಲ. ಡ್ರೈವರ್ ಸೀಟಿನ ಬಲ ಅಂಚು, ಇಳಿಯುವಾಗ ತೊಡೆ ಉಜ್ಜುತ್ತದಲ್ಲ, ಅಲ್ಲೂ ಕುಸಿದಿಲ್ಲ. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ನೋಟ್‌ಬುಕ್ಕು ಸಿಕ್ಕಿತು. ಮುದ್ದಾದ ಕೈಬರಹದಲ್ಲಿ ಪೆಟ್ರೋಲ್ ಲೆಕ್ಕ, ಪ್ರತಿ ಸಲವೂ ಎದುರಿಗೆ ಮೀಟರ್ ರೀಡಿಂಗ್. ಪುಟ ತಿರುವಿ ತಿರುವಿ ನೋಡಿದೆ, ಅಂಕಿ ಒಮ್ಮೆಯೂ ಹಿಂದಕ್ಕೆ ಬಂದಿರಲಿಲ್ಲ. ನನಗೇ ನಾಚಿಕೆಯಾಯಿತು.

ನಾನು: ಹಾಗಿದ್ರೆ ಇದು ಹೊಸ ಗಾಡಿ ಇದ್ದ ಹಾಗೇ! ಈಗಲೇ ಟೋಕನ್ ಅಡ್ವಾನ್ಸ್ ಕೊಟ್ಟುಬಿಡ್ತೀನಿ.

ಮೀಟರ್: ಅಯ್ಯೋ, ಇಷ್ಟು ಹೊತ್ತು ನಂಬಲಿಲ್ಲ, ಈಗ ಅತಿಯಾಗಿ ನಂಬ್ತಿದ್ದೀರಿ. ಎರಡೂ ರೋಗವೇ. ನಾನು ಬರೀ ಎಣಿಸೋನು ಸ್ವಾಮಿ. ಗೇರ್‌ಬಾಕ್ಸಿನಿಂದ ಒಂದು ಕೇಬಲ್ ತಿರುಗ್ತಾ ಬರುತ್ತೆ. ಮೊದಲನೇ ಗಾಲಿ ಪೂರ್ತಿ ಒಂದು ಸುತ್ತು ಹಾಕಿದರೆ ಪಕ್ಕದ್ದು ಒಂದು ಹಲ್ಲು ಮುಂದಕ್ಕೆ. ಅಷ್ಟೇ ನನ್ನ ವಿದ್ಯೆ. ನಮ್ಮದು ರೋಮನ್ನರ ಕಾಲದ ಮನೆತನ, ಗೊತ್ತಾ? ವಿಟ್ರೂವಿಯಸ್ ಅನ್ನೋ ಇಂಜಿನಿಯರು ಬರೆದಿಟ್ಟಿದ್ದಾನೆ. ಗಾಡಿಯ ನಾಲ್ಕಡಿ ಅಗಲದ ಗಾಲಿ ನಾನೂರು ಸುತ್ತು ತಿರುಗಿದರೆ ಒಂದು ಮೈಲಿ. ಮೈಲಿಗೊಂದು ಕಲ್ಲು ಡಬ್ಬಿಯೊಳಗೆ ಟಣ್ ಅಂತ ಬೀಳಬೇಕು. ಸಂಜೆ ಕಲ್ಲು ಎಣಿಸಿದರೆ ಲೆಕ್ಕ ಸಿಕ್ಕಿತು.

ನಾನು: ಯಾರಾದ್ರೂ ನಾಲ್ಕು ಕಲ್ಲು ಕದ್ದರೆ?

ಮೀಟರ್: ಅದನ್ನ ಅವನು ಬರೆದಿಲ್ಲ. ನಿಮ್ಮ ಬ್ರೋಕರಿನ ಮನೆತನ ಅಲ್ಲಿಂದ ಶುರು.

ನಾನು: ಎಣಿಕೆ ಸರಿಯಾಗಿದೆ ಅಂದ ಮೇಲೆ ತೊಂದರೆ ಏನು?

ಮೀಟರ್: ಎಣಿಸದೇ ಇದ್ದ ಹೊತ್ತಿನದು. ಗಾಡಿ ನಿಂತಾಗ ನಾನೂ ನಿಲ್ತೀನಿ, ಕಾಲ ನಿಲ್ಲಲ್ಲ. ಸ್ಟೆಪ್ನಿ ಟೈರ್ ನೋಡಿದ್ರಾ? ಪಕ್ಕೆಯ ಮೇಲೆ ಕೊನೇ ನಾಲ್ಕು ಅಂಕಿ, 2310. ಹೋದ ವಾರ ಒಬ್ಬ ಅದನ್ನ ರೇಟು ಅಂದ್ಕೊಂಡ. ಅದು 2010ನೇ ಇಸವಿಯ 23ನೇ ವಾರ, ಟೈರ್ ಹುಟ್ಟಿದ ದಿನ. ಒಂದು ದಿನವೂ ರಸ್ತೆ ಮುಟ್ಟಿಲ್ಲ, ಬಟನ್ನು ಫಳಫಳ ಅಂತಿದೆ. ಉಗುರಲ್ಲಿ ಒತ್ತಿ ನೋಡಿ, ಒಣಗಿದ ಹಪ್ಪಳ. ಹೈವೇಲಿ ನೂರರಲ್ಲಿ ಹೋಗುವಾಗ ಅದು ಒಡೆದರೆ, ‘ಬರೀ ಸೊನ್ನೆ ಕಿಲೋಮೀಟರ್ ಓಡಿದ್ದು’ ಅಂತ ನಾನು ಸಾಕ್ಷಿ ಹೇಳಿ ಪ್ರಯೋಜನ ಇದೆಯಾ?

ಇನ್ನು ಇಂಜಿನ್ನಿನ ಪಾಡು. ದಿನಕ್ಕೆ ಮೂರು ಕಿಲೋಮೀಟರ್ ಅಂತ ಹೆಮ್ಮೆಯಿಂದ ಹೇಳ್ತೀರಿ. ಮೂರು ಕಿಲೋಮೀಟರಿಗೆ ಇಂಜಿನ್ ಬಿಸಿಯೇ ಆಗಲ್ಲ. ಪೆಟ್ರೋಲ್ ಉರಿದರೆ ನೀರಿನ ಆವಿ ಬರುತ್ತೆ. ಗಾಡಿ ದೂರ ಓಡಿದರೆ ಅದು ಆಚೆ ಹೋಗುತ್ತೆ, ಗಾಂಧಿ ಬಜಾರಿಗೆ ಹೋಗಿ ಬಂದರೆ ಒಳಗೇ ಉಳಿಯುತ್ತೆ. ಆಯಿಲ್ ಜೊತೆ ಸೇರಿ ಗಂಜಿ ಆಗುತ್ತೆ, ಸೈಲೆನ್ಸರ್ ಒಳಗಿಂದ ತುಕ್ಕು ತಿನ್ನುತ್ತೆ. ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿ. ಕೆಳಗೆ ಕಾಫಿ ಕೆನೆ ಥರ ಮೆತ್ತಿದ್ರೆ, ಒಂದೋ ನಾನು ಹೇಳಿದ ರೋಗ, ಇಲ್ಲಾ ಗ್ಯಾಸ್ಕೆಟ್ಟೇ ಹೋಗಿ ಕೂಲೆಂಟ್ ಒಳಗಿಳಿದಿದೆ. ಯಾವುದು ಅಂತ ಮೆಕ್ಯಾನಿಕ್ ಹೇಳಬೇಕು.

ನಾನು: ಟೈಮಿಂಗ್ ಬೆಲ್ಟ್ ಏನೂ ಆಗಿರಲ್ಲ ಅಲ್ವಾ? ಓಡೇ ಇಲ್ಲ.

ಮೀಟರ್: ಅದೂ ರಬ್ಬರೇ. ಬೆಲ್ಟಿಗೆ ಇಷ್ಟು ಕಿಲೋಮೀಟರ್ ಇಲ್ಲಾ ಇಷ್ಟು ವರ್ಷ, ಯಾವುದು ಮೊದಲೋ ಅದು ಅಂತ ಲೆಕ್ಕ. ನಮ್ಮ ಯಜಮಾನರು ನನ್ನ ಮುಖ ನೋಡಿ ‘ಇನ್ನೂ ಬಂದಿಲ್ಲ’ ಅಂತ ಮುಂದೂಡ್ತಾ ಹೋದರು. ನನ್ನ ಕಡೆಯಿಂದ ಅದು ಇವತ್ತಿಗೂ ಬಂದಿಲ್ಲ! ಬ್ರೇಕ್ ಆಯಿಲ್ ಗಾಳಿಯಿಂದ ನೀರು ಹೀರುತ್ತೆ. ಪೆಟ್ರೋಲ್ ಪೈಪುಗಳು ಹಳೇ ಕಾಲದವು, ಈಗ ಬಂಕಲ್ಲಿ ಹಾಕೋದು ಶೇಕಡಾ 20 ಎಥನಾಲ್ ಬೆರೆಸಿದ್ದು. ಅದೂ ನೀರು ಕುಡಿಯೋ ಜಾತಿ, ನಿಂತ ಟ್ಯಾಂಕಿನಲ್ಲಿ ಇನ್ನೂ ಜಾಸ್ತಿ. ಕಾರ್ಬ್ಯುರೇಟರಿನ ಕಥೆ ಆಮೇಲೆ ಹೇಳ್ತೀನಿ. ಬಾನೆಟ್ ಎತ್ತಿದರೆ ಹೊಗೆಸೊಪ್ಪಿನ ಎರಡು ಎಸಳು ಸಿಗುತ್ವೆ. ಇಲಿಗೆ ಅಂತ ಯಜಮಾನರು ಇಟ್ಟಿದ್ದು. ಇಲಿ ಎಸಳು ಬಿಟ್ಟು ವೈರು ತಿಂದಿದೆ.

ನಾನು: ಇದನ್ನೆಲ್ಲ ಸರಿ ಮಾಡಿಸಿದ್ರೆ?

ಮೀಟರ್: ಮಾಡಿಸಿ, ಖಂಡಿತ ಮಾಡಿಸಿ. ಒಳ್ಳೆ ಗಾಡಿ, ನನ್ನ ಅನ್ನದ ಋಣ. ಆದರೆ ಝೆನ್ ತಯಾರಿ ನಿಂತಿದ್ದು 2006ರಲ್ಲಿ. ಒಂದು ಬೀಡಿಂಗ್ ರಬ್ಬರಿಗೆ ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಗಳನ್ನ ಒಂದೊಂದೇ ಹತ್ತಿ ಇಳೀಬೇಕು. ಆ ತಿರುಗಾಟದಲ್ಲಿ ನಿಮ್ಮ ಸ್ಕೂಟರಿನ ಮೀಟರು ನನ್ನನ್ನ ಮೀರಿಸುತ್ತೆ.

ನಾನು: ಮತ್ತೆ ಎಲ್ಲರೂ ನಿಮ್ಮನ್ನೇ ಯಾಕೆ ನೋಡ್ತಾರೆ?

ಮೀಟರ್: ಎಲ್ಲರೂ ಎಲ್ಲಿ? ಗಿರಾಕಿ ಒಬ್ಬನೇ. ಸರ್ಕಾರ ನನ್ನ ಕಡೆ ತಿರುಗಿಯೂ ನೋಡಲ್ಲ. ಸ್ವಂತ ಕಾರಿನ ಆರ್‌ಸಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. 2022ರ ಏಪ್ರಿಲ್‌ನಲ್ಲಿ ಆ ಫೀಸು 600ರಿಂದ 5,000ಕ್ಕೆ ಏರಿತು. ‘ಪಾಪ, ಬರೀ 30 ಸಾವಿರ ಓಡಿದೆ’ ಅಂತ ಒಂದು ರೂಪಾಯಿ ಬಿಟ್ರಾ? 2018ರಲ್ಲಿ ಸುಪ್ರೀಂ ಕೋರ್ಟು ದೆಹಲಿಗೆ ಡೀಸೆಲ್ಲಿಗೆ 10, ಪೆಟ್ರೋಲಿಗೆ 15 ವರ್ಷದ ಗೆರೆ ಎತ್ತಿಹಿಡಿದಾಗಲೂ ಕೇಳಿದ್ದು ವಯಸ್ಸು. ನನ್ನನ್ನ ಕಟಕಟೆಗೆ ಕರೆಯಲೇ ಇಲ್ಲ. ಟೈರಿಗೆ ಇಸವಿ, ಬೆಲ್ಟಿಗೆ ಇಸವಿ, ಇನ್ಶೂರೆನ್ಸ್‌ನವನು ಗಾಡಿಗೆ ಬೆಲೆ ಕಟ್ಟೋದೂ ಇಸವಿ ನೋಡಿ. ಕೊಳ್ಳೋನು ಮಾತ್ರ ‘ಎಷ್ಟು ಓಡಿದೆ?’ ಅಂತಾನೆ. ಬ್ರೋಕರಿಗೆ ಇದು ಗೊತ್ತು. ಅದಕ್ಕೇ ಜಾಹೀರಾತುಗಳಲ್ಲಿ ‘ಡಾಕ್ಟರ್ ಓಡಿಸಿದ ಗಾಡಿ’ ಅಂತ ಬರೀತಾರೆ. ಈ ಊರಲ್ಲಿ ಡಾಕ್ಟರು ಓಡಿಸಿದ ಗಾಡಿಗಳನ್ನ ಕೂಡಿಸಿದರೆ ಒಬ್ಬೊಬ್ಬರಿಗೂ ನಲವತ್ತು ಬರುತ್ವೆ. ರೋಗಿ ನೋಡೋದು ಯಾವಾಗ?

ನಾನು: ಪಕ್ಕದಲ್ಲಿರೋ ಆ ಬಿಳಿ ಸೆಡಾನ್ ಹೇಗೆ? 2015ರ ಡೀಸೆಲ್, 64 ಸಾವಿರ ಅಂದ.

ಮೀಟರ್: (ದನಿ ತಗ್ಗಿಸಿ) ಬಂದಾಗ ಎರಡು ಲಕ್ಷ ಹತ್ತು ಸಾವಿರ ಇತ್ತು. ಒಬ್ಬ ಹುಡುಗ ಲ್ಯಾಪ್‌ಟಾಪ್ ತಂದ, ಡ್ಯಾಶ್‌ಬೋರ್ಡ್ ಕೆಳಗೆ ವೈರ್ ಚುಚ್ಚಿದ. ಟೀ ಆರೋದರೊಳಗೆ 64 ಸಾವಿರ. ಡಿಜಿಟಲ್ ತಲೆಮಾರು, ನೋವೂ ಆಗಲ್ಲ. ಸರ್ವಿಸ್ ಸ್ಟೇಷನ್ನಿನ ಕಂಪ್ಯೂಟರಿನಲ್ಲಿ ಹಳೇ ರೀಡಿಂಗ್ ಇದ್ದೇ ಇರುತ್ತೆ, ಗಾಡಿ ನಂಬರ್ ಕೊಟ್ಟು ವಿಚಾರಿಸಿದರೆ ಸಾಕು, ಯಾರು ಹೋಗ್ತಾರೆ? ಅದರ ಪೆಡಲ್ ನೋಡಿ, ಹೊಚ್ಚ ಹೊಸ ರಬ್ಬರ್. ನನ್ನನ್ನ ಕೇಳಿದರೆ ಅದೇ ತಪ್ಪೊಪ್ಪಿಗೆ. 64 ಸಾವಿರಕ್ಕೆ ಯಾರು ಪೆಡಲ್ ರಬ್ಬರ್ ಬದಲಾಯಿಸ್ತಾರೆ?

ನಾನು: ಅದು ಮಾರಾಟ ಆಗುತ್ತಾ?

ಮೀಟರ್: ಆಗೇ ಹೋಯ್ತು. ಟೀ ಅಂಗಡೀಲಿ ಕೂತಿರೋರು ಅವರೇ. 64 ನೋಡೋಕೆ ಎಷ್ಟು ಹಿತವಾಗಿದೆ ನೋಡಿ. ಅತ್ತ ಹಳೇದೂ ಅಲ್ಲ, ಇತ್ತ ಅನುಮಾನವೂ ಬರಲ್ಲ. ಸುಳ್ಳು ಹೇಳಿದವನ ಮುಂದೆ ನೋಟು ಎಣಿಸ್ತಾರೆ, ನಿಜ ಹೇಳಿದ ನನ್ನ ಮೇಲೆ ಹೊಂಗೆ ಹೂವು ಬೀಳ್ತಾ ಇದೆ. ನಿನ್ನೆ ಬ್ರೋಕರ್ ಇಲ್ಲೇ ಕೂತು, ನನ್ನ ಗಾಜಿನ ಮೇಲೆ ಬೆರಳಲ್ಲಿ ಕುಟ್ಟಿ ಆ ಹುಡುಗನಿಗೆ ಏನಂದ ಗೊತ್ತಾ? ‘ಇದರ ಮುಖ ನೋಡಿದರೆ ಯಾರೂ ನಂಬಲ್ಲ ಕಣೋ. ಸ್ವಲ್ಪ ಮುಂದಕ್ಕೆ ತಿರುಗಿಸು.’

ನಾನು: ಮುಂದಕ್ಕಾ?!

ಮೀಟರ್: ಮುಂದಕ್ಕೇ ಸ್ವಾಮಿ. ನಮ್ಮ ವಂಶದಲ್ಲಿ ಹಿಂದಕ್ಕೆ ತಿರುಗಿಸಿಕೊಂಡೋರು ಎಷ್ಟೋ ಜನ, ಅವರಿಗೆ ಅವಮಾನ ಆಯ್ತು ಅಂತಾದರೂ ಅಳಬಹುದು. ನಾನು ಓಡದೇ ಇರೋ ರಸ್ತೇನ ಓಡಿದೆ ಅಂತ ಒಪ್ಪಿಕೊಳ್ಳಬೇಕು. ಗಾಜು ಬಿಚ್ಚಿ ಸೂಜೀಲಿ ಅಂಕಿ ತಳ್ಳಿದರೆ ಹತ್ತು ನಿಮಿಷದ ಕೆಲಸ. ಎಲ್ಲಿಗೆ ಹೋಗಿದ್ದೆ ಅಂತ ಹೇಳಲಿ, ನೀವೇ ಹೇಳಿ? ಗೋಕರ್ಣ? ಹಂಪಿ? ಅಷ್ಟಾದರೂ ತೋರಿಸಿದ್ದಿದ್ರೆ…

ಹೊರಗೆ ಚಪ್ಪಲಿ ಸದ್ದಾಯಿತು. ಬ್ರೋಕರು ಬಾಗಿಲಿಗೆ ಒರಗಿ, ‘ಏನ್ ಸಾರ್, ಓಕೆನಾ?’ ಅಂದ. ಟೈರು, ಬೆಲ್ಟು, ವೈರು ಅಂತ ಲೆಕ್ಕ ಒಪ್ಪಿಸಿ, ಅಷ್ಟನ್ನು ರೇಟಿನಲ್ಲಿ ಕಳೆದರೆ ತಗೋತೀನಿ ಅಂದೆ. ‘ನೀವು ಮೀಟರ್ ಮೇಲೆ ಅನುಮಾನ ಪಡ್ತಿದ್ದೀರಿ, ಅದನ್ನ ನೇರವಾಗಿ ಹೇಳಿ’ ಅಂತ ಕೀ ಇಸಿದುಕೊಂಡ. ಇಳಿಯುವಾಗ ಮೀಟರನ್ನು ನೋಡಿದೆ. ಮಾತಾಡಲಿಲ್ಲ. 31,406.

ಮುಂದಿನ ಶನಿವಾರ ಮನಸ್ಸು ತಡೆಯದೆ ಮತ್ತೆ ಹೋದೆ. ಹೊಂಗೆ ಮರದ ಕೆಳಗೆ ಆಯಿಲಿನ ಕಲೆ, ಅದರ ಮೇಲೆ ಹೂವು.

‘ಝೆನ್ ಹೋಯ್ತಾ?’

‘ಬುಧವಾರಾನೇ ಹೋಯ್ತು ಸಾರ್. 58 ಸಾವಿರ ಓಡಿತ್ತು. ಪಾರ್ಟಿ ಮೀಟರ್ ನೋಡಿದ, ಒಂದು ಮಾತಾಡದೆ ಕೇಳಿದಷ್ಟು ಕೊಟ್ಟು ತಗೊಂಡು ಹೋದ.’