ರಕ್ತದ ಗುಂಪು ಕೇಳಿದ ಎಚ್‌ಆರ್ ಸಾಹೇಬರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಎಚ್‌ಆರ್ ಮುಖ್ಯಸ್ಥರೇ,

ತಾವು ಕಳಿಸಿದ ‘ಸ್ಕಿಲ್ ಮ್ಯಾಪಿಂಗ್’ ಫಾರ್ಮ್ ಎಲ್ಲರ ಇನ್‌ಬಾಕ್ಸಿಗೂ ತಲುಪಿದೆ. ಮುಂದಿನ ಎರಡು ವರ್ಷಕ್ಕೆ ಯಾವ ಕೆಲಸಕ್ಕೆ ಎಷ್ಟು ಜನ ಬೇಕು, ಇರುವವರಲ್ಲಿ ಯಾರಿಗೆ ಏನು ಬರುತ್ತದೆ ಎಂದು ತಿಳಿಯುವುದು ಉದ್ದೇಶವಂತೆ. ಒಳ್ಳೆಯದೇ. ಆದರೆ ಮೊದಲ ಪುಟ ಕೇಳುವುದು ರಕ್ತದ ಗುಂಪು, ಮದುವೆಯಾಗಿದೆಯೇ, ತಂದೆಯ ಉದ್ಯೋಗ, ಸ್ವಂತ ಮನೆಯೋ ಬಾಡಿಗೆಯೋ. ಗಂಡಿನ ಕಡೆಯವರೂ ಇಷ್ಟು ವಿಚಾರಿಸುವುದಿಲ್ಲ. ಜಾವಾ ಬರುತ್ತದೆಯೇ ಎಂಬ ಪ್ರಶ್ನೆ ನಾಲ್ಕನೇ ಪುಟದಲ್ಲಿದೆ, ಅದೂ ಕಡ್ಡಾಯವಲ್ಲ! ಓ ಪಾಸಿಟಿವ್ ರಕ್ತದವರು ಕೋಡ್ ಬೇಗ ಬರೆಯುತ್ತಾರೆಂಬ ಸಂಶೋಧನೆ ತಮ್ಮ ಬಳಿ ಇದ್ದರೆ ದಯವಿಟ್ಟು ಪ್ರಕಟಿಸಿ.

ಇಂಥ ಕುತೂಹಲಕ್ಕೆ ಜರ್ಮನಿಯವರು ಬೆಲೆ ಕಟ್ಟಿದ್ದಾರೆ. ಎಚ್ ಅಂಡ್ ಎಂ ಬಟ್ಟೆ ಕಂಪನಿಯ ನ್ಯೂರೆಂಬರ್ಗ್ ಸೇವಾ ಕೇಂದ್ರದಲ್ಲಿ, ರಜೆ ಮುಗಿಸಿ ಬಂದ ನೌಕರರನ್ನು ಮೇಲಿನವರು ಕೂರಿಸಿಕೊಂಡು ಕುಶಲ ವಿಚಾರಿಸುತ್ತಿದ್ದರು. ಎಲ್ಲಿಗೆ ಹೋಗಿದ್ದಿರಿ, ಏನು ಕಾಯಿಲೆ ಎಂಬುದೆಲ್ಲ ಕಂಪ್ಯೂಟರಿಗೆ ಹೋಗುತ್ತಿತ್ತು. ಮಾತಿನ ನಡುವೆ ಕಿವಿಗೆ ಬಿದ್ದ ಮನೆಯ ಜಗಳ, ದೇವರ ನಂಬಿಕೆಯೂ ಸೇರುತ್ತಿದ್ದವು. ಸುಮಾರು 50 ಮ್ಯಾನೇಜರುಗಳು ಇದನ್ನು ಓದಬಹುದಿತ್ತು. 2019ರ ಅಕ್ಟೋಬರಿನಲ್ಲಿ ಸೆಟ್ಟಿಂಗ್ ಒಂದು ಕೈಕೊಟ್ಟು, ಕೆಲವು ಗಂಟೆಗಳ ಕಾಲ ಇಡೀ ಕಂಪನಿಯೇ ಓದುವಂತಾಯಿತು. ಮರುವರ್ಷ ಹ್ಯಾಂಬರ್ಗ್‌ನ ದತ್ತಾಂಶ ರಕ್ಷಣಾ ಅಧಿಕಾರಿ ಹಾಕಿದ ದಂಡ 3.53 ಕೋಟಿ ಯೂರೋ. ಕುಶಲ ವಿಚಾರಣೆ ತುಸು ದುಬಾರಿಯೇ ಆಯಿತು.

ಇಲ್ಲಿ ಭಯವಿಲ್ಲ ಎಂದು ತಮ್ಮ ವಕೀಲರು ಹೇಳಿರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಸೆಕ್ಷನ್, ಉದ್ಯೋಗದ ಉದ್ದೇಶಕ್ಕಾದರೆ ಒಪ್ಪಿಗೆ ಕೇಳಬೇಕಿಲ್ಲ ಎನ್ನುತ್ತದೆ, ನಿಜ. ಬಾಡಿಗೆ ಮನೆ ಯಾವ ಉದ್ಯೋಗದ ಉದ್ದೇಶ ಎಂದು ಅವರನ್ನೇ ಕೇಳಿ. ಸಂಗ್ರಹಿಸಿದ್ದನ್ನು ಕಾಪಾಡಲಾಗದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಎಂಬ ಸಾಲೂ ಅದೇ ಕಾಯ್ದೆಯಲ್ಲಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳುವಂತೆ ಮಾಡಿದ ಅರ್ಜಿದಾರರಾದರೂ ಯಾರು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಕೋರ್ಟಿನ ಮೆಟ್ಟಿಲೇರಿದಾಗ ಅವರಿಗೆ ಎಂಬತ್ತು ದಾಟಿತ್ತು.

ಇನ್ನು ತಮ್ಮ ‘ಅನಾಮಧೇಯ’ ಸಮೀಕ್ಷೆ. ಹೆಸರು ಬೇಡ, ಶಾಖೆ, ಟೀಮ್, ಸೇರಿದ ವರ್ಷ, ಲಿಂಗ ಸಾಕು ಎಂದಿದ್ದೀರಿ. ಮೈಸೂರು ಶಾಖೆಯ ಟೆಸ್ಟಿಂಗ್ ಟೀಮಿನಲ್ಲಿ ಇರುವುದೇ ಏಳು ಜನ. 2014ರಲ್ಲಿ ಸೇರಿದ ಹೆಣ್ಣುಮಗಳು ಒಬ್ಬರೇ. ಅವರು ‘ಮ್ಯಾನೇಜರ್ ತರಬೇತಿಗೆ ಬಿಡುವುದಿಲ್ಲ’ ಎಂದು ಬರೆದರೆ ಬರೆದವರು ಯಾರೆಂದು ಕ್ಯಾಂಟೀನಿನವನೂ ಹೇಳಿಯಾನು. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಲತಾನ್ಯಾ ಸ್ವೀನಿ 1990ರ ಜನಗಣತಿಯ ಅಂಕಿಗಳನ್ನಿಟ್ಟುಕೊಂಡು ಲೆಕ್ಕ ಹಾಕಿದ್ದರು: ಪಿನ್‌ಕೋಡ್, ಹುಟ್ಟಿದ ದಿನಾಂಕ, ಲಿಂಗ ಇಷ್ಟು ಗೊತ್ತಿದ್ದರೆ ಅಲ್ಲಿನ ನೂರಕ್ಕೆ 87 ಮಂದಿಯನ್ನು ಬೊಟ್ಟು ಮಾಡಿ ತೋರಿಸಬಹುದು.

ತಮಾಷೆಯೆಂದರೆ, ಇಷ್ಟೆಲ್ಲ ಕೇಳಿಯೂ ಬೇಕಾದದ್ದು ತಮಗೆ ಸಿಗುವುದಿಲ್ಲ. ಕೋಬಾಲ್ ಎಂಬ ಹಳೇ ಕಂಪ್ಯೂಟರ್ ಭಾಷೆ ಬಲ್ಲ ಹಿರಿಯರು ಅದನ್ನು ಬರೆಯುವುದೇ ಇಲ್ಲ. ಬರೆದರೆ ಯಾವುದೋ ಬ್ಯಾಂಕಿನ ಹಳೇ ಸಿಸ್ಟಮ್ಮಿಗೆ ನೈಟ್ ಶಿಫ್ಟ್ ಕಾವಲು ಖಾಯಂ. ಎರಡು ಗಂಟೆಯ ವಿಡಿಯೋ ನೋಡಿದ ಹುಡುಗ ಎಐ ಎದುರು ಐದಕ್ಕೆ ಐದು ಹಾಕಿಕೊಳ್ಳುತ್ತಾನೆ, ಏಕೆಂದರೆ ಪ್ರಾಜೆಕ್ಟ್ ಇಲ್ಲದೆ ಬೆಂಚಿನಲ್ಲಿ ಕೂತವರನ್ನು ಮನೆಗೆ ಕಳಿಸುವ ಪಟ್ಟಿಯೂ ಇದೇ ಶೀಟಿನಿಂದ ಹುಟ್ಟುತ್ತದೆಂದು ಅವನಿಗೆ ಅನುಮಾನ. ಬರೆದದ್ದು ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲದವನು ನಿಜ ಬರೆಯುವುದಾದರೂ ಯಾಕೆ?

ಬೇಕಿರುವುದು ಮೂರು ಕಾಲಂ: ಏನು ಬರುತ್ತದೆ, ಎಷ್ಟು ಬರುತ್ತದೆ, ಕೊನೆಗೆ ಮಾಡಿದ್ದು ಯಾವಾಗ. ಯೋಜನೆ ಹಾಕುವವರಿಗೆ ಒಟ್ಟು ಲೆಕ್ಕ ಸಾಕು, ಹೆಸರು ಬೇಡ. ಐದಕ್ಕಿಂತ ಕಡಿಮೆ ಜನರಿರುವ ಗುಂಪನ್ನು ವರದಿಯಲ್ಲಿ ತೋರಿಸುವುದೂ ಬೇಡ. ಅಪ್ರೈಸಲ್‌ಗೆ, ವಜಾಕ್ಕೆ ಇದನ್ನು ಬಳಸುವುದಿಲ್ಲ, ಇಂಥ ದಿನ ಅಳಿಸುತ್ತೇವೆ ಎಂದು ಫಾರ್ಮಿನ ಮೇಲೇ ಬರೆದು ತಾವು ಸಹಿ ಹಾಕಿ. ಆ ಸಹಿ ಬಂದ ದಿನ ಕೋಬಾಲ್‌ನವರು ಎಷ್ಟು ಮಂದಿ ಎಂದು ಎಣಿಸಿಕೊಳ್ಳಬಹುದು.

ಇಂತಿ,
ಮೈಸೂರು ಟೆಸ್ಟಿಂಗ್ ಟೀಮಿನ ಏಳೂ ಜನ
(ಹೆಸರು ಬೇಡ ಎಂದವರು ತಾವೇ)